ಊಟದ ವಿರಾಮದಲ್ಲಿ ಮುಖಭಂಗ

ಈ ತಿಂಗಳು ಮುಗಿಯುವುದರೊಳಗೆ ನನ್ನ ಮುಖದ ಮೇಲಿನ ಒಂದೊಂದು ಗೆರೆಯನ್ನೂ ಅಳಿಸಿ ಹಾಕದಿದ್ದರೆ ನಾನು ನನ್ನಪ್ಪನ ಮಗನೇ ಅಲ್ಲ! ಹೀಗೆಂದು ನಾನು ಪ್ರತಿಜ್ಞೆ ಮಾಡಿದ್ದು ಕನ್ನಡಕದ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಹಾಡುಹಗಲಿನಲ್ಲಿ, ಹೆಂಡತಿಯ ಸಮಕ್ಷಮದಲ್ಲಿ. ಅವಳು ಆ ಕ್ಷಣ ಸ್ಕೂಟರಿನ ಕೀಲಿಗಾಗಿ ಚೀಲದೊಳಗೆ ತಲೆ ಹಾಕಿದ್ದರಿಂದ ಈ ಚಾರಿತ್ರಿಕ ಘೋಷಣೆ ಅವಳ ಕಿವಿಗೆ ಬೀಳಲಿಲ್ಲ.

"ಏನಂದ್ರಿ?"

"ಏನಿಲ್ಲ."

ಆದದ್ದಿಷ್ಟು. ನನಗೆ ಹೊಸ ಕನ್ನಡಕ ಬೇಕಾಗಿತ್ತು. ಅಂಗಡಿಯ ಹುಡುಗ ಒಂದರ ಮೇಲೊಂದು ಫ್ರೇಮು ನನ್ನ ಮೂಗಿಗೆ ಏರಿಸಿ, ಇಳಿಸಿ, ಕೊನೆಗೆ ಒಂದು ದಪ್ಪ ಕಪ್ಪು ಫ್ರೇಮನ್ನು ಕೂರಿಸಿ, ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ ಹೇಳಿದ:

"ಮೇಡಂ, ನಿಮ್ಮ ತಂದೆಯವರಿಗೆ ಇದು ತುಂಬಾ ಒಪ್ಪುತ್ತೆ. ವಯಸ್ಸಾದೋರಿಗೆ ಭಾರನೂ ಅನ್ಸಲ್ಲ."

ತಂದೆಯವರು! ನಾನು! ನನಗೂ ಅವಳಿಗೂ ಇರುವುದು ಎರಡೇ ವರ್ಷದ ಅಂತರ! ನಾನು ಉಸಿರು ಬಿಗಿಹಿಡಿದು ಹೆಂಡತಿಯ ಕಡೆ ನೋಡಿದೆ. ಈಗ ಹುಡುಗನಿಗೆ ಸರಿಯಾಗಿ ಮಂಗಳಾರತಿ ಆಗುತ್ತದೆ ಎಂದುಕೊಂಡೆ. ಅವಳು ಎದುರಿನ ಕನ್ನಡಿಯಲ್ಲಿ ತನ್ನನ್ನೊಮ್ಮೆ ನೋಡಿಕೊಂಡು, ಮುಂಗುರುಳು ಸರಿಮಾಡಿಕೊಂಡು, ಮೆಲ್ಲನೆ ನಕ್ಕು, "ಹೌದಾ? ಹಾಗಾದ್ರೆ ಅದನ್ನೇ ಕೊಟ್ಬಿಡಪ್ಪ" ಅಂದಳು!

ಸ್ಕೂಟರಿನ ಹಿಂದೆ ಕೂತು ನಾನು ಕುದಿಯುತ್ತಿದ್ದೆ.

"ಅವನನ್ನ ಯಾಕೆ ತಿದ್ದಲಿಲ್ಲ ನೀನು?"

"ಪಾಪ, ಅಷ್ಟು ಖುಷಿಯಿಂದ ವ್ಯಾಪಾರ ಮಾಡ್ತಿದ್ದ. ಯಾಕೆ ಬೇಜಾರು ಮಾಡೋದು ಅಂತ."

"ಮತ್ತೆ ನನಗೆ ಬೇಜಾರಾಗಲ್ವಾ?"

"ನೀವೇನು ಹೊರಗಿನೋರಾ ರೀ?"

ಇದು ಯಾವ ನ್ಯಾಯ? ನೀವೇ ಹೇಳಿ!

ಹಾಗೆ ನೋಡಿದರೆ ನನ್ನ ಮುಖ ಹೀಗಾಗಲು ಕಾರಣ ನನ್ನ ನೌಕರಿ. ನಾನು ವಿಮಾ ಕಂಪನಿಯ ಸರ್ವೇಯರ್. ಅಪಘಾತಕ್ಕೀಡಾದ ಕಾರುಗಳನ್ನು ನೋಡಿ, ಹಾನಿ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಗ್ಯಾರೇಜಿನಿಂದ ಗ್ಯಾರೇಜಿಗೆ ಬಿಸಿಲಲ್ಲಿ ಅಲೆದು, ಕಾದ ಬಾನೆಟ್ಟುಗಳ ಮೇಲೆ ಬಗ್ಗಿ ಬಗ್ಗಿ, ನನ್ನ ಹಣೆ ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಊರಿನವರ ಕಾರಿನ ಡೆಂಟನ್ನೆಲ್ಲ ತೆಗೆಸಿಕೊಟ್ಟವನು ನಾನು. ನನ್ನ ಸ್ವಂತ ಬಾಡಿಯ ಟಿಂಕರಿಂಗ್ ಮಾಡಿಸುವವರು ಯಾರು?

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕಂಪನಿ ಊರಿನ ದೊಡ್ಡ ಸರ್ಕಲ್ಲಿನಲ್ಲಿ ಜಾಹೀರಾತಿನ ಹೋರ್ಡಿಂಗ್ ಹಾಕಿಸಲಿತ್ತು. ಹೊರಗಿನ ಮಾಡೆಲ್‌ಗಳು ಬೇಡ, ನಮ್ಮ ಸಿಬ್ಬಂದಿಯದೇ ಒಂದು ಮುಖ ಇರಲಿ ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಹೇಳಿದ್ದರು. ಮುಂದಿನ ವಾರ ಫೋಟೋಗ್ರಾಫರ್ ಬರುತ್ತಾನೆ, ಯಾರು ತಯಾರಿದ್ದೀರಿ ಎಂದು ಕೇಳಿದಾಗ ಎಲ್ಲರೂ ನಾಚಿ ನೆಲ ನೋಡಿದರು. ನಾನೊಬ್ಬನೇ ಎದ್ದು ನಿಂತು, "ಸರ್, ನನ್ನ ಮುಖ ಕಂಪನಿಯ ಆಸ್ತಿ ಅಂದ್ಕೊಳ್ಳಿ. ಹೇಗೆ ಬೇಕಾದ್ರೂ ಉಪಯೋಗಿಸಿ!" ಎಂದು ಗುಡುಗಿದೆ. ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆಯ ಅರ್ಥ ಆಗ ನನಗೆ ಗೊತ್ತಿರಲಿಲ್ಲ.

ಮೊದಲು ಚರ್ಮದ ಡಾಕ್ಟರ ಹತ್ತಿರ ಹೋದೆ. ಆಕೆ ನನ್ನ ಮುಖದ ಮೇಲೆ ದೀಪ ಬಿಟ್ಟು, ಭೂತಗನ್ನಡಿ ಹಿಡಿದು, ಹಳೆಯ ಶಾಸನ ಓದುವವರಂತೆ ಎಡದಿಂದ ಬಲಕ್ಕೆ ಓದಿದರು.

"ಕೆಮಿಕಲ್ ಪೀಲ್ ಮಾಡ್ಬಹುದು. ಮೇಲಿನ ಚರ್ಮ ಸುಲಿದು ಹೋಗುತ್ತೆ, ಹೊಸದು ಬರುತ್ತೆ. ಆದ್ರೆ ಸ್ವಲ್ಪ ದಿನ ಮುಖ ಕೆಂಪಾಗಿ ಸಿಪ್ಪೆ ಏಳುತ್ತೆ. ಮನೇಲೇ ಇರ್ಬೇಕು."

"ಸಿಪ್ಪೆ ಏಳೋಕೆ ನಾನೇನು ಈರುಳ್ಳಿನಾ ಡಾಕ್ಟ್ರೇ? ನನಗೆ ರಜಾ ಇಲ್ಲ. ಮೆತ್ತಗಿಂದು ಏನಾದ್ರೂ ಹೇಳಿ. ಇವತ್ತು ಮಾಡಿಸ್ಕೊಂಡ್ರೆ ಇವತ್ತೇ ಕೆಲಸಕ್ಕೆ ಹೋಗೋ ಹಾಗಿರ್ಬೇಕು."

"ಇದೆಯಲ್ಲ. ದಿನಾ ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ. ಸೌಮ್ಯವಾದ ಒಂದು ಕ್ರೀಮ್ ಬರ್ಕೊಡ್ತೀನಿ, ರಾತ್ರಿ ಇಷ್ಟೇ ಇಷ್ಟು. ನಾಲ್ಕೈದು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತೆ. ಅದರ ಜೊತೆ ಬೇರೆ ಏನನ್ನೂ ಬೆರೆಸ್ಬೇಡಿ."

ತಿಂಗಳುಗಟ್ಟಲೆ! ಫೋಟೋಗ್ರಾಫರ್ ಬರುವುದು ಮುಂದಿನ ವಾರ, ಈಕೆ ಮುಂದಿನ ಋತುಮಾನದ ಮಾತಾಡುತ್ತಿದ್ದಾರೆ! ಇಷ್ಟು ಓದಿ ಕಲಿತದ್ದು ಟೋಪಿ ಹಾಕಿ ಎಂದು ಹೇಳುವುದಕ್ಕೇ? ನನಗೇ ಟೋಪಿ ಹಾಕಲು ನೋಡುತ್ತಿದ್ದಾರೆ ಎಂದುಕೊಂಡು ಮುಖ ಸಿಂಡರಿಸಿಕೊಂಡು ಎದ್ದುಬಂದೆ.

ಅದೇ ದಿನ ನಾನೊಂದು ಕಾರ್ಯಾಚರಣೆ ಆರಂಭಿಸಿದೆ. ನಮ್ಮ ಬಾತ್‌ರೂಮಿನ ಶೆಲ್ಫಿನಲ್ಲಿ, ಶಾಂಪೂ ಬಾಟಲಿಗಳ ಹಿಂದೆ, ನೀಲಿ ಮುಚ್ಚಳದ ಒಂದು ಬಿಳಿ ಡಬ್ಬಿ ಇತ್ತು. ಅದರ ಲೇಬಲ್ಲು ನೀರು ಬಿದ್ದು ಎಂದೋ ಕಿತ್ತುಹೋಗಿತ್ತು. ನನ್ನ ಹೆಂಡತಿ ಮಲಗುವ ಮುಂಚೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಅವಳು ಹೊರಗೆ ಬಂದಾಗ ಡಬ್ಬಿ ಜಾಗ ಬದಲಿಸಿರುತ್ತದೆ. ಅವಳ ಮುಖದಲ್ಲಿ ಈ ವಯಸ್ಸಿಗೂ ಒಂದು ಗೆರೆಯಿಲ್ಲ. ಕಾರಿನ ಮೇಲಿನ ಗೀರು ನೋಡಿ ಗುದ್ದಿದ್ದು ಲಾರಿಯೋ ಬಸ್ಸೋ ಎಂದು ಹೇಳಬಲ್ಲ ನನಗೆ ಇಷ್ಟು ಸುಳಿವು ಸಾಲದೇ? ಓಹೋ! ಗುಟ್ಟು ಇಲ್ಲಿದೆ! ತಾನು ಒಬ್ಬಳೇ ಚಿರಯೌವನ ಅನುಭವಿಸಿ, ಗಂಡನನ್ನು ಅಪ್ಪನ ಸ್ಥಾನಕ್ಕೆ ಏರಿಸುವ ಹುನ್ನಾರ!

ಅಂದಿನಿಂದ ಬೆಳಗ್ಗೆ ಎರಡು ಬೆರಳು, ಸಂಜೆ ಮೂರು ಬೆರಳು ಎಂಬಂತೆ ಬಳಿದುಕೊಳ್ಳತೊಡಗಿದೆ. ಹಚ್ಚಿದೊಡನೆ ಚುರುಕ್ ಎನ್ನುತ್ತಿತ್ತು. ಚುರುಕ್ ಎಂದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥವಲ್ಲವೇ? ಇನ್ನೊಂದು ಬೆರಳು ಹೆಚ್ಚು ಹಚ್ಚಿದೆ.

ಎರಡು ಮೂರು ದಿನಕ್ಕೆ ಹೆಂಡತಿ ಡಬ್ಬಿ ಹಿಡಿದುಕೊಂಡು ಹಜಾರಕ್ಕೆ ಬಂದಳು. ಕಾಲೇಜಿಗೆ ಹೊರಟಿದ್ದ ಮಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

"ಇದನ್ನ ತೆಗ್ದಿದ್ದು ನೀನೇ ತಾನೇ? ಅರ್ಧ ಖಾಲಿ ಆಗಿದೆ!"

"ನಾನು ಮುಟ್ಟೇ ಇಲ್ಲಮ್ಮ!"

"ಮತ್ತೆ ಇನ್ಯಾರು ತಗೋತಾರೆ? ನಿಮ್ಮಪ್ಪನಾ?"

ತಾಯಿ ಮಗಳು ಇಬ್ಬರೂ ನನ್ನ ಕಡೆ ನೋಡಿದರು. ನಾನು ಪೇಪರಿನಿಂದ ಕಣ್ಣೆತ್ತಿ, ಕುಟುಂಬದ ಹಿರಿಯನಿಗೆ ತಕ್ಕ ಗಾಂಭೀರ್ಯದಿಂದ, "ನೋಡು ಮಗಳೇ, ಕೇಳದೆ ಇನ್ನೊಬ್ಬರ ವಸ್ತು ಮುಟ್ಟಬಾರ್ದು" ಎಂದೆ. ಮಗಳು ದಡಾರನೆ ಬಾಗಿಲು ಹಾಕಿಕೊಂಡು ಹೋದಳು. ನನಗೆ ಸ್ವಲ್ಪ ಪಾಪ ಅನ್ನಿಸಿತು. ಆದರೆ ದೊಡ್ಡ ಕಾರ್ಯಗಳಲ್ಲಿ ಸಣ್ಣಪುಟ್ಟ ಬಲಿದಾನ ಇದ್ದದ್ದೇ!

ಫೋಟೋದ ಹಿಂದಿನ ದಿನ ಆಫೀಸಿನ ಎದುರಿನ ಬ್ಯೂಟಿ ಸಲೂನಿನ ಗಾಜಿನ ಮೇಲೆ ನನಗಾಗಿಯೇ ಬರೆಸಿದಂತಿದ್ದ ಅಕ್ಷರಗಳು ಕಣ್ಣಿಗೆ ಬಿದ್ದವು: 'ಊಟದ ವಿರಾಮದಲ್ಲಿ ಬನ್ನಿ, ಹೊಸ ಮುಖ ಹೊತ್ತು ಕೆಲಸಕ್ಕೆ ಮರಳಿ! ನೋವಿಲ್ಲ! ವಿಶ್ರಾಂತಿ ಬೇಕಿಲ್ಲ!' ಊಟ ಬಿಟ್ಟು ನುಗ್ಗಿದೆ.

ಒಳಗೆ ಮಂದ ಬೆಳಕು. ಅಲ್ಲಿದ್ದ ಹುಡುಗಿ ಐಸಿಯುವಿನಲ್ಲಿ ಮಾತಾಡುವವರಂತೆ ಪಿಸುಗುಡುತ್ತಿದ್ದಳು.

"ಇದು ಪೀಲ್ ಅಲ್ಲ ಸರ್. ಪೀಲ್‌ನ ತಂಗಿ ಅಂದ್ಕೊಳ್ಳಿ. ತುಂಬಾ ಸೌಮ್ಯ. ಹಾಲಿನ ಅಂಶದ್ದು. ಸಿಪ್ಪೆ ಗಿಪ್ಪೆ ಏನೂ ಏಳಲ್ಲ."

"ಅಕ್ಕನ ಸಹವಾಸ ಬೇಡ ಅಂತಲೇ ಬಂದಿದೀನಮ್ಮ. ತಂಗಿಯೇ ಇರ್ಲಿ."

"ಇವತ್ತು ಶೇವ್ ಮಾಡಿದೀರಾ ಸರ್?"

"ಇಲ್ಲ" ಎಂದೆ. ನುಣುಪಾಗಲಿ ಎಂದು ಎರಡೆರಡು ಸಲ ಮಾಡಿಕೊಂಡು ಬಂದಿದ್ದೆ. ಆದರೆ ಅದೆಲ್ಲ ಅವಳಿಗೇಕೆ?

"ಮನೇಲಿ ಮುಖಕ್ಕೆ ಏನಾದ್ರೂ ಕ್ರೀಮ್ ಹಚ್ತಿದೀರಾ?"

"ನಾನಾ! ನಾನು ಗಂಡಸಮ್ಮ! ಸೋಪು ಬಿಟ್ರೆ ಈ ಮುಖ ಇನ್ನೇನನ್ನೂ ಕಂಡಿಲ್ಲ."

ಅವಳು ತಣ್ಣನೆಯದೇನನ್ನೋ ಬಳಿದಳು. ಚುರುಕ್ ಎಂದಿತು. ಆಮೇಲೆ ಚುರ್ ಎಂದಿತು. ಹಲ್ಲು ಕಚ್ಚಿಕೊಂಡೆ. ತೊಳೆದು ಕನ್ನಡಿ ಹಿಡಿದಾಗ ಏನು ಹೊಳಪು! ಈಗ ತಾನೇ ಪಾಲಿಶ್ ಮಾಡಿದ ಹೊಸ ಕಾರು! ಬಿಸಿಲಿಗೆ ಹೋಗಬೇಡಿ, ಈ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂದು ಅವಳು ಟ್ಯೂಬು ಮುಂದೆ ಹಿಡಿದಳು. ಅದು ಅವಳ ವ್ಯಾಪಾರದ ಉಪಾಯವೆಂದು ತಕ್ಷಣ ಪತ್ತೆ ಹಚ್ಚಿದ ನಾನು ಬೇಡವೆಂದು ಕೈಯಾಡಿಸಿ, ಎದೆಯುಬ್ಬಿಸಿ ಹೊರಬಂದು, ನೆತ್ತಿ ಸುಡುವ ಬಿಸಿಲಿನಲ್ಲಿ ನೆಟ್ಟಗೆ ಗ್ಯಾರೇಜಿಗೆ ಹೋದೆ.

ಅಲ್ಲಿ ಬಟ್ಟೆ ಅಂಗಡಿಯ ಯಜಮಾನರೊಬ್ಬರು ತಮ್ಮ ಕಾರಿನ ಪಕ್ಕ ಕಾಯುತ್ತಿದ್ದರು. ಮೊನ್ನೆ ದೀಪದ ಕಂಬಕ್ಕೆ ತಾಗಿತು ಎಂದು ಅವರ ಕ್ಲೈಮು. ಡೆಂಟಿನೊಳಗೆ ಆಗಲೇ ತುಕ್ಕು ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಗಂಟಲು ಹರಿಯುವಂತೆ ವಾದ ಮಾಡಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಕೆನ್ನೆ, ಹಣೆ, ಗದ್ದ ಎಲ್ಲಾ ಒಟ್ಟಿಗೆ ಉರಿಯತೊಡಗಿದವು. ಬಾಯಿ ತೆರೆಯಲಾಗದೆ ಅವರನ್ನೇ ದುರುದುರು ನೋಡಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಸರ್... ಅಷ್ಟೊಂದು ಕೆಂಪಾಗಬೇಡಿ. ನಿಜ ಹೇಳಿಬಿಡ್ತೀನಿ. ಈ ಡೆಂಟು ಹಳೇದು. ನಮ್ಮ ಮನೆಯವರು ಗೇಟಿಗೆ ಗುದ್ದಿದ್ದು."

"ನನಗೇನೂ ಸಿಟ್ಟಿಲ್ಲ!" ಉರಿ ತಾಳಲಾರದೆ ಕಿರುಚಿದೆ.

"ಆಯ್ತು ಸರ್, ಬಂಪರೂ ಹಳೇದೇ!"

"ನೀರು! ನೀರು!"

"ಹೆಡ್‌ಲೈಟೂ ಬಿಟ್ಬಿಡ್ತೀನಿ ಸರ್, ಇಡೀ ಕ್ಲೈಮೇ ವಾಪಸ್ ತಗೋತೀನಿ, ಪೊಲೀಸ್‌ಗೆ ಮಾತ್ರ ಹೇಳ್ಬೇಡಿ!"

ಅವರು ಓಡಿದರು. ನಾನು ಗ್ಯಾರೇಜಿನ ನಲ್ಲಿಯ ಕೆಳಗೆ ತಲೆ ಒಡ್ಡಿದೆ. ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಸರ್, ರೇಡಿಯೇಟರ್ ಕುದಿದಂಗಿದೆ, ಹತ್ತಿರ ಹೋಗೋಕೆ ಭಯ ಆಗ್ತದೆ" ಎಂದು ದೂರದಿಂದಲೇ ಸಹಾನುಭೂತಿ ತೋರಿಸಿದ.

ಮನೆಗೆ ಹೋದಾಗ ಬಾಗಿಲು ತೆರೆದ ಹೆಂಡತಿ ಕಿಟಾರನೆ ಕಿರುಚಿದಳು.

"ಅಯ್ಯೋ! ಯಾರ್ರೀ ಹೊಡೆದಿದ್ದು?"

ಬೇರೆ ದಾರಿಯಿಲ್ಲದೆ ಸಲೂನಿನ ಕಥೆ ಹೇಳಿದೆ. ಡಬ್ಬಿಯ ಕಥೆ ಬಿಟ್ಟು! ಬೈಯುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಅವಳು ಒದ್ದೆ ಬಟ್ಟೆ ತಂದು ನನ್ನ ಮುಖಕ್ಕೆ ಮೆತ್ತಗೆ ಒತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಕೆಂಡವಿತ್ತು.

"ನನ್ನ ಗಂಡನ ಮುಖ ಹೀಗೆ ಮಾಡಿದೋರನ್ನ ನಾನು ಸುಮ್ನೆ ಬಿಡ್ತೀನಾ? ನಾಳೆ ಬೆಳಗ್ಗೆ ನಡೀರಿ!"

"ಬೇಡ ಕಣೇ, ಪಾಪ ಆ ಹುಡುಗಿ..."

"ಪಾಪಾನಾ? ಮನುಷ್ಯರನ್ನ ಹಿಡ್ಕೊಂಡು ಬೇಯಿಸಿ ಕಳಿಸೋದು ಪಾಪಾನಾ?"

ಬೆಳಗ್ಗೆ ಏಳುವಷ್ಟರಲ್ಲಿ ನನ್ನ ಮುಖ ಉಬ್ಬಿ, ಬಿಗಿದು, ಗಾಳಿ ತುಂಬಿದ ಟ್ಯೂಬಿನಂತೆ ಹೊಳೆಯುತ್ತಿತ್ತು. ಕಣ್ಣುಗಳು ಎರಡು ಗೀರುಗಳಾಗಿದ್ದವು. ಮೂಗಿನ ತುದಿಯಲ್ಲಿ ಮೊದಲ ಸಿಪ್ಪೆ ಎದ್ದಿತ್ತು. ಹೆಂಡತಿ ಆ ಮುಖವನ್ನು ಸಾಕ್ಷ್ಯವಾಗಿ ಮುಂದಿಟ್ಟುಕೊಂಡು ಸಲೂನಿಗೆ ನುಗ್ಗಿದಳು. ಮುಖಕ್ಕೆ ಬಿಳಿ ಲೇಪ ಬಳಿದುಕೊಂಡು ನಾಲ್ಕಾರು ಹೆಂಗಸರು ಕಣ್ಣು ಮುಚ್ಚಿ ಮಲಗಿದ್ದರು.

"ನೋಡಮ್ಮ! ಈ ಮುಖಾನ ನಾನು ಇಷ್ಟು ವರ್ಷ ಜೋಪಾನವಾಗಿ ನೋಡ್ಕೊಂಡು ಬಂದಿದೀನಿ. ಚೆನ್ನಾಗಿತ್ತು ಅಂತ ಹೇಳಲ್ಲ. ಆದ್ರೆ ಮುಖ ಅಂತ ಗೊತ್ತಾಗ್ತಿತ್ತು!"

ನನ್ನ ಪರವಾಗಿ ಯಾರೂ ಇಷ್ಟು ವೀರಾವೇಶದಿಂದ ಮಾತಾಡಿದ್ದಿಲ್ಲ. ಎರಡನೆಯ ವಾಕ್ಯ ಬಿಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹುಡುಗಿ ಬೆದರಿ ಪಿಸುಗುಟ್ಟಿದಳು. "ಮೇಡಂ, ದೇವರಾಣೆ, ಯಾರಿಗೂ ಹೀಗಾಗಿಲ್ಲ. ಸರ್ ಮೊದಲೇ ಏನಾದ್ರೂ ಹಚ್ತಿದ್ರಾ ಅಂತ..."

"ಇವರಾ? ಚಳಿಗೆ ತುಟಿ ಒಡೆದು ರಕ್ತ ಬಂದ್ರೂ ಒಂದು ಮುಲಾಮು ಮುಟ್ಟೋರಲ್ಲ! ನನ್ನ ಗಂಡ ಏನು ಅಂತ ನನಗೆ ಗೊತ್ತಿಲ್ವಾ?"

ಹುಡುಗಿ ಶೆಲ್ಫಿನಿಂದ ಕೆಂಪು ಮುಚ್ಚಳದ ಬಿಳಿ ಡಬ್ಬಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು. "ಇಂಥದ್ದೇನಾದ್ರೂ ಹಚ್ತಿದ್ರಾ ಸರ್? ಇದರ ಮೇಲೆ ನಮ್ಮದು ಹಾಕಿದ್ರೆ ಸುಡುತ್ತೆ."

ನನ್ನ ವೃತ್ತಿಯೇ ನನಗೆ ಮುಳುವಾಯಿತು. ತಪ್ಪು ವಿವರ ಕಂಡರೆ ತಿದ್ದದೆ ಇರಲಾರೆ.

"ಇದಲ್ಲಮ್ಮ. ಅದರ ಮುಚ್ಚಳ ನೀಲಿ."

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಯಾವುದರ ಮುಚ್ಚಳ ನೀಲಿ?"

ನಾನು ಚಾವಣಿ ನೋಡಿದೆ. ಚೆನ್ನಾಗಿ ಬಣ್ಣ ಹೊಡೆಸಿದ್ದರು.

"ಬಾತ್‌ರೂಮಿನ ಡಬ್ಬಿನಾ? ಅದನ್ನ ಮುಖಕ್ಕೆ ಹಚ್ಕೊಂಡ್ರಾ? ನೀವಾ? ಆ ಮಗು ಮೇಲೆ ನಾನು ಸುಮ್ಸುಮ್ನೆ ಕೂಗಾಡಿದೆನಲ್ರೀ! ನೀವು ಬೇರೆ ಪಕ್ಕದಲ್ಲಿ ಕೂತು ಬುದ್ಧಿ ಹೇಳಿದ್ರಲ್ಲ!"

"ನಿನ್ನ ಮುಖ ಅಷ್ಟು ನುಣುಪಾಗಿದೆ... ಅದರ ಗುಟ್ಟು ಅದೇ ಅಂತ..."

"ಮುಖಕ್ಕೆ ಯಾರ್ರೀ ಹಚ್ಚಿದ್ರು ಅದನ್ನ? ಅದು ನನ್ನ ಹಿಮ್ಮಡಿಗೆ ರೀ! ಒಡೆದ ಹಿಮ್ಮಡಿಗೆ! ಗಟ್ಟಿ ಚರ್ಮ ಕರಗಿಸೋಕೆ ಅಂತ ಡಾಕ್ಟರ್ ಕೊಟ್ಟಿದ್ದು!"

"ಹಿಮ್ಮಡಿ ಕ್ರೀಮಾ?!" ಪಿಸುಮಾತಿನ ಹುಡುಗಿಗೆ ಮೊದಲ ಬಾರಿ ಧ್ವನಿ ಬಂತು. ಎಷ್ಟು ದೊಡ್ಡ ಧ್ವನಿ! ಲೇಪ ಬಳಿದುಕೊಂಡು ಮಲಗಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದು ಕೂತರು. ನಗಬಾರದು, ನಕ್ಕರೆ ಲೇಪ ಬಿರಿಯುತ್ತದೆ ಎಂದು ಅವರಿಗೆ ಹೇಳಿದ್ದರಂತೆ. ಒಬ್ಬರದೂ ಉಳಿಯಲಿಲ್ಲ.

ಹೆಂಡತಿ ಆ ಹುಡುಗಿಯ ಕೈ ಹಿಡಿದು ತಪ್ಪಾಯಿತಮ್ಮ ಎಂದು ಹೇಳಿ ಹೊರಬಂದಳು. ರಸ್ತೆಗೆ ಬಂದ ಮೇಲೆ ನನಗೂ ರೋಷ ಉಕ್ಕಿತು.

"ಡಬ್ಬಿ ಮೇಲೆ 'ಹಿಮ್ಮಡಿ' ಅಂತ ದೊಡ್ಡದಾಗಿ ಬರೆದಿಡೋಕೆ ನಿನಗೇನು ಕಷ್ಟ?"

"ನನ್ನ ಹಿಮ್ಮಡಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು ರೀ" ಎಂದವಳೇ ಸ್ಕೂಟರಿಗೆ ಒರಗಿ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿ ಮತ್ತೆ ನಕ್ಕಳು. ಹೆಂಡತಿ ನಕ್ಕರೆ ಚೆಂದ ಎಂದು ಇಷ್ಟು ವರ್ಷ ಅಂದುಕೊಂಡಿದ್ದವನು ನಾನು!

ಫೋಟೋಗ್ರಾಫರ್ ಅಂದೇ ಬರುವವನಿದ್ದ. ಆಫೀಸಿಗೆ ಮುಖ ತೋರಿಸದೆ ತಪ್ಪಿಸಿಕೊಳ್ಳೋಣವೆಂದರೆ ಮ್ಯಾನೇಜರ್ ಫೋನು ಮಾಡಿ, ಬಟ್ಟೆ ಅಂಗಡಿಯವರ ಕ್ಲೈಮು ವಾಪಸಾದದ್ದಕ್ಕೆ ನನ್ನನ್ನು ಹೊಗಳಿ, ತಕ್ಷಣ ಬರಬೇಕೆಂದರು. ಹೋದೆ. ನನ್ನನ್ನು ನೋಡಿ ಮ್ಯಾನೇಜರ್ ಕುರ್ಚಿ ಹಿಡಿದುಕೊಂಡರು. ಸಹೋದ್ಯೋಗಿಗಳು ದಾರಿ ಬಿಟ್ಟರು. ಆದರೆ ಫೋಟೋಗ್ರಾಫರ್ ಮಾತ್ರ, ಆಹಾ, ಅವನೊಬ್ಬನೇ ಕಲೆ ಬಲ್ಲವನು! ಬಂದ ತಪ್ಪಿಗೆ ಉಳಿದವರದೂ ಒಂದೊಂದು ಕ್ಲಿಕ್ಕು. ನನ್ನದು ಎದುರಿನಿಂದ, ಪಕ್ಕದಿಂದ, ಕಿಟಕಿಯ ಬೆಳಕಿನಲ್ಲಿ!

"ಸರ್, ಅಲ್ಲಾಡಬೇಡಿ! ಆ ನೋಟ ಹಾಗೇ ಇರ್ಲಿ! ಇಂಥ ಮುಖ ದುಡ್ಡು ಕೊಟ್ರೂ ಸಿಗಲ್ಲ!"

ಮ್ಯಾನೇಜರ್ ಕ್ಯಾಮೆರಾ ನೋಡಿ ಗದ್ದ ತುರಿಸಿಕೊಂಡರು. "ಉಪಯೋಗಿಸ್ಬಹುದು ಅಲ್ವೇನ್ರೀ?" ಎಂದು ನನ್ನನ್ನೇ ಕೇಳಿದರು. "ಧಾರಾಳವಾಗಿ ಸರ್!" ಎಂದೆ. ತುಟಿ ಬಿಗಿದಿದ್ದರಿಂದ ನಗಲಾಗಲಿಲ್ಲ, ಒಳಗೊಳಗೇ ಬೀಗಿದೆ.

ಮನೆಯಲ್ಲಿ ಮಗಳ ಮುಂದೆ ನಿಂತು ಕ್ಷಮೆ ಕೇಳಿದೆ. ಅವಳು ನನ್ನ ಕೆನ್ನೆಯನ್ನು ತುಂಬಾ ಹೊತ್ತು ನೋಡಿ, "ಪರವಾಗಿಲ್ಲಪ್ಪ. ಹಿಮ್ಮಡಿ ತುಂಬಾ ನೋಯ್ತಿದೆಯಾ?" ಎಂದು ಕೇಳಿದಳು. ಯಾರ ಮಗಳು! ಚರ್ಮದ ಡಾಕ್ಟರು ಮತ್ತೆ ದೀಪ ಬಿಟ್ಟು ನೋಡಿ, ಉರಿ ಇಳಿಯಲು ಔಷಧಿ ಕೊಟ್ಟು, ಇನ್ನು ಏನನ್ನೂ ಹಚ್ಚಬೇಡಿ, ಹಚ್ಚುವ ಮನಸ್ಸಾದರೆ ಕೈ ಕಟ್ಟಿ ಕೂತುಕೊಳ್ಳಿ ಎಂದರು. ಸಿಪ್ಪೆ ಎದ್ದಿತು, ಉದುರಿತು; ಊಟದ ತಟ್ಟೆಗೆ ಉದುರಿತು, ಫೈಲುಗಳ ಮೇಲೆ ಉದುರಿತು. ಅದರ ಕೆಳಗಿನಿಂದ ಹಳೆಯ ಗೆರೆಗಳು ಒಂದೂ ಕಳೆಯದೆ, ಪ್ರವಾಸ ಮುಗಿಸಿ ಮನೆಗೆ ಬಂದವರಂತೆ ಹಾಯಾಗಿ ಹೊರಬಂದವು!

ಒಂದು ಭಾನುವಾರ ಹೆಂಡತಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಾರುಕಟ್ಟೆಗೆ ಹೊರಟಿದ್ದಳು. ದೊಡ್ಡ ಸರ್ಕಲ್ಲಿಗೆ ಬಂದಾಗ ಕಿರ್ ಎಂದು ಬ್ರೇಕ್ ಹಾಕಿದಳು. ಮುಂದಿನ ಕಾರುಗಳೂ ನಿಂತಿದ್ದವು. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ.

ಮೂರಂತಸ್ತಿನ ಎತ್ತರಕ್ಕೆ ನನ್ನ ಮುಖವಿತ್ತು! ಉಬ್ಬಿದ, ಕೆಂಪಾದ, ಗೀರುಗಣ್ಣಿನ, ಮೂಗಿನ ತುದಿಯಲ್ಲಿ ಸಿಪ್ಪೆ ಹೊತ್ತ ನನ್ನ ಸ್ವಂತ ಮುಖ! ಅದರ ಕೆಳಗೆ ಆಳೆತ್ತರದ ಅಕ್ಷರಗಳು: 'ನಾಳೆ ನಿಮಗೂ ಹೀಗಾಗಬಹುದು! ಇಂದೇ ಅಪಘಾತ ವಿಮೆ ಮಾಡಿಸಿ!'

ಪಕ್ಕದ ಬೈಕಿನ ಹಿಂದೆ ಕೂತಿದ್ದ ಹೆಂಗಸು ಗಂಡನ ಭುಜ ಅಲುಗಾಡಿಸಿ, "ರೀ, ನೋಡಿದ್ರಾ? ಇವತ್ತೇ ಮಾಡಿಸೋಣ" ಎನ್ನುತ್ತಿದ್ದರು. ನನ್ನ ರೋಷ ನೆತ್ತಿಗೇರಿತು. ಇದು ಅನ್ಯಾಯ! ಮೋಸ! ನಾಳೆಯೇ ಮ್ಯಾನೇಜರ್ ಕುತ್ತಿಗೆ ಪಟ್ಟಿ ಹಿಡಿದು ಕೇಳುತ್ತೇನೆ! ಎಂದು ಕೂಗಲು ಬಾಯಿ ತೆರೆದೆ.

ಹೆಂಡತಿ ಹೆಲ್ಮೆಟ್ ತೆಗೆದು, ಕಣ್ಣಿಗೆ ಕೈ ಅಡ್ಡ ಹಿಡಿದು, ತಲೆ ವಾಲಿಸಿ, ಬಹಳ ಹೊತ್ತು ಆ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ ಅಂದಳು:

"ಏನೇ ಹೇಳಿ, ಇಷ್ಟು ದೊಡ್ಡದು ಮಾಡಿದ್ರೂ ಒಂದೇ ಒಂದು ಸುಕ್ಕು ಹುಡುಕಿದ್ರೂ ಸಿಗಲ್ಲ ರೀ!"